ಗಟ್ಟಿಮೇಳದ ಫೈಲು

ಕುರ್ಚಿ ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. ನಂಜನಗೂಡಿನ ಅವರ ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಗ್ಯಾಸ್ ಒಲೆಯ ಪಕ್ಕ. ನಿಂತುಕೊಂಡೇ ನಾಲ್ಕು ಸಾಲು ಟೈಪ್ ಮಾಡುವುದು, ಹಿತ್ತಿಲ ಬಾಗಿಲವರೆಗೆ ನಡೆದು ಹೋಗುವುದು, ವಾಪಸ್ ಬಂದು ಅದರಲ್ಲಿ ಮೂರು ಸಾಲು ಅಳಿಸುವುದು. ಕಾಫಿಯನ್ನು ಅರ್ಧ ಕುಡಿದು ಲೋಟ ಎಲ್ಲೋ ಇಟ್ಟು ಮರೆತು, ಮತ್ತೆ ಇನ್ನೊಂದಕ್ಕೆ ಹಾಲಿಡುತ್ತಿದ್ದರು. ಕಿಟಕಿಯಲ್ಲೊಂದು, ಫ್ರಿಜ್ಜಿನ ಮೇಲೊಂದು, ತುಳಸಿ ಕಟ್ಟೆಯಲ್ಲೊಂದು ಅರ್ಧ ಲೋಟ ಇದ್ದೇ ಇರುತ್ತಿತ್ತು. "ಸ್ವಲ್ಪ ಕೂತ್ಕೊಳಿ ಮೇಡಂ, ನಿಮ್ಮನ್ನ ನೋಡ್ತಿದ್ರೆ ನಂಗೆ ತಲೆ ತಿರುಗ್ತದೆ" ಅಂದರೆ, "ನೀನು ಕೂತ್ಕೊಳಪ್ಪ, ಮದುವೆ ಮನೇಲಿ ನಿಂತು ನಿಂತು ಸೋತಿರ್ತೀಯ" ಅಂದುಬಿಡುತ್ತಿದ್ದರು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಈಗ ಆ ರೋಗ ನನಗೆ ಅಂಟಿದೆ. ಇದನ್ನು ಬರೆಯುವಾಗಲೂ ಎಷ್ಟು ಸಲ ಎದ್ದೆನೋ ಗೊತ್ತಿಲ್ಲ.

ನನ್ನದು ತಿ. ನರಸೀಪುರದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವ ಸಣ್ಣ ಸ್ಟುಡಿಯೋ. ಅವರು ನಂಜನಗೂಡಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದವರು. ಸಂಬಳ ಬರುತ್ತಿದ್ದದ್ದು ಅದಕ್ಕೆ. ಜೀವ ಇದ್ದದ್ದು ಬೇರೆ ಕಡೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ, ಒಳಗಿನ ಕೋಡನ್ನೂ ಎಲ್ಲರ ಮುಂದೆ ಬಿಚ್ಚಿಟ್ಟಿರುವ ಒಂದು ವಿಡಿಯೋ ಸಾಫ್ಟ್‌ವೇರ್ ಇದೆ. ಹತ್ತಾರು ದೇಶದ ಜನ ಸಂಬಳವಿಲ್ಲದೆ ಅದನ್ನು ಕಟ್ಟುತ್ತಾರೆ, ಸಂಬಳವಿಲ್ಲದೆ ಜಗಳವಾಡುತ್ತಾರೆ. ಅದರಲ್ಲಿ ಕೋಡೆಕ್‌ಗಳು ಬಂದು ಸೇರುವ ಜಾಗ, ಅವರ ಭಾಷೆಯಲ್ಲಿ ಇಂಟರ್‌ಫೇಸು, ಮೇಡಂ ಸುಪರ್ದಿಯಲ್ಲಿತ್ತು.

ಕೋಡೆಕ್ ಅಂದರೇನು ಅಂತ ನಾನು ಮೊದಲ ಸಲ ಕೇಳಿದಾಗ ಅವರು ಸಂಡಿಗೆ ಡಬ್ಬ ತೆಗೆದರು. "ಹಿಟ್ಟನ್ನ ಒಣಗಿಸಿ ಚಿಕ್ಕದು ಮಾಡಿ ಡಬ್ಬಕ್ಕೆ ಹಾಕಿದ್ದೀನಿ. ಬೇಕಾದಾಗ ಎಣ್ಣೆಗೆ ಬಿಟ್ರೆ ಅರಳತ್ತೆ. ವಿಡಿಯೋನೂ ಹಾಗೇ, ಒಣಗಿಸಿ ಇಡೋದು, ಅರಳಿಸಿ ನೋಡೋದು. ಒಂದೊಂದು ಮನೆಯೋರು ಒಂದೊಂದು ಥರ ಸಂಡಿಗೆ ಮಾಡ್ತಾರೆ. ಯಾರ ಮನೆ ಸಂಡಿಗೆ ತಂದ್ರೂ ನಮ್ಮ ಬಾಣಲೇಲಿ ಅರಳಬೇಕು. ವಿಂಡೋಸ್ ಒಲೆ ಇರಲಿ, ಲಿನಕ್ಸ್ ಒಲೆ ಇರಲಿ, ಫೋನಿರಲಿ. ನಾನು ಬಾಣಲೆ ಮಾಡೋಳು" ಅಂದರು. ಅಷ್ಟು ಹೇಳುವಷ್ಟರಲ್ಲಿ ಎಣ್ಣೆ ಹೊಗೆಯಾಡಿ ಸಂಡಿಗೆ ಕಪ್ಪಾಗಿತ್ತು. ಅದನ್ನೇ ಇಬ್ಬರೂ ತಿಂದೆವು.

ನಮ್ಮ ಪರಿಚಯವಾದದ್ದೂ ಒಂದು ದೂರಿನಿಂದ. ಒಂದು ಮದುವೆಯ ವಿಡಿಯೋ ಮಿಕ್ಸ್ ಮಾಡುತ್ತಿದ್ದೆ. ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಅಂದರು, ಹುಡುಗ ತಾಳಿ ಎತ್ತಿದ, ವಾಲಗದವನ ಕೋಲು ಡೋಲಿನ ಮೇಲೆ ಬಿತ್ತು. ಸದ್ದು ಮಾತ್ರ ಕೋಲು ಮತ್ತೆ ಮೇಲೆದ್ದ ಮೇಲೆ ಬಂತು. ಗಟ್ಟಿಮೇಳ ತಪ್ಪಿದ ಮದುವೆ ವಿಡಿಯೋವನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಸಾಫ್ಟ್‌ವೇರಿನವರಿಗೆ ದೂರು ಕೊಡುವ ಪುಟ ಹುಡುಕಿ, ನನಗೆ ಬರುವ ಇಂಗ್ಲಿಷಿನಲ್ಲಿ ಸಿಟ್ಟು ಕಾರಿ, ಆ ತುಂಡು ವಿಡಿಯೋವನ್ನೂ ಜೊತೆಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು, ಅದೂ ಕನ್ನಡದಲ್ಲಿ: "ಕೊನೆಯಲ್ಲಿ ಒಬ್ಬ ಹೆಂಗಸು 'ಅಕ್ಸತೆ ಈ ಕಡಿಕೆ ಬರ್ನಿಲ್ಲ ಕಣವ್ವೋ' ಅಂತಾಳೆ. ನೀವು ನಂಜನಗೂಡಾ, ನರಸೀಪುರಾ?"

ಮಾರನೆಯ ದಿನವೇ ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ ಕೂಡ ತೆಗೆಯದೆ, "ಎಲ್ಲಿ ನಿನ್ನ ಕಂಪ್ಯೂಟರು?" ಅಂದರು. ನಾನು ಯಾರೋ ಕರೆಂಟಿನವರು ಅಂದುಕೊಂಡೆ. ಆ ತುಂಡನ್ನು ನಿಂತೇ ಹತ್ತಾರು ಸಲ ಓಡಿಸಿ ನೋಡಿ ಹೇಳಿದರು: "ಹಾಡೋರು ಬಾಯಿ ತೆರೆಯೋಕೆ ಮುಂಚೆ ಉಸಿರು ಎಳ್ಕೊಳ್ತಾರಲ್ಲ, ಕೋಡೆಕ್ಕೂ ಎಳ್ಕೊಳ್ಳತ್ತೆ. ಎಷ್ಟು ಉಸಿರು ಅಂತ ಮೊದಲೇ ಹೇಳಿದ್ರೆ ಅಷ್ಟನ್ನ ಕತ್ತರಿಸಿ ಹಾಕಬಹುದು. ಹೇಳೋಕೆ ನಾನು ಜಾಗವೇ ಇಟ್ಟಿಲ್ಲ. ತಪ್ಪು ನಂದೇ." ಆ ಜಾಗ ಮಾಡಿಕೊಡಲು ಅವರಿಗೆ ಒಂದು ಮಳೆಗಾಲ ಹಿಡಿಯಿತು. ಮಾಡಿದ ಮೇಲೆ ಎಲ್ಲ ಕಂಪ್ಯೂಟರಿನಲ್ಲೂ ಕೋಲು ಬಿದ್ದ ಕೂಡಲೇ ಡೋಲು ನುಡಿಯಿತು.

ಅವರ ಸಾಫ್ಟ್‌ವೇರಿಗೆ ಒಂದು ಉಗ್ರಾಣವಿತ್ತು. ಕಾಟ ಕೊಟ್ಟ ಫೈಲುಗಳನ್ನೆಲ್ಲ ಅದರಲ್ಲಿ ಇಟ್ಟಿರುತ್ತಾರೆ. ಯಾವ ದೇಶದವರೇ ಕೋಡ್ ಮುಟ್ಟಲಿ, ಅಷ್ಟೂ ಫೈಲುಗಳು ಸರಿಯಾಗಿ ಓಡಿದರೆ ಮಾತ್ರ ಅದು ಒಳಗೆ. "ನಿನ್ನ ಗಟ್ಟಿಮೇಳದ ಫೈಲು ಇಟ್ಕೊಳ್ಳಲಾ?" ಅಂತ ಮೇಡಂ ಕೇಳಿದರು. "ಇಟ್ಕೊಳಿ ಮೇಡಂ, ಅದಕ್ಕೇನಂತೆ" ಅಂದೆ. ಅವರಿಗೆ ಅದು ಡೋಲಿನ ಕೋಲು, ನನಗೆ ಅದು ಕೆಟ್ಟ ಸದ್ದು. ನಡುವೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ. ದಿನಾ ವಿಡಿಯೋ ನೋಡುವವರ ಕಣ್ಣೇ ಹಾಗೆ, ಮುಖವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತದೆ.

ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೇಡಂ ನಂಜನಗೂಡನ್ನೆಲ್ಲ ಸುತ್ತಿದರು. ಕಂಡಕಂಡ ಕಂಪ್ಯೂಟರಿಗೆ ಚುಚ್ಚಿ ನೋಡುವುದು ಅವರ ಚಾಳಿ. ದೇವಸ್ಥಾನದ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಓಬೀರಾಯನ ಕಾಲದ ವಿಂಡೋಸ್ ಇತ್ತು. ಗಿರಾಕಿಗಳು ಆಧಾರ್ ಕಾರ್ಡ್ ಹಿಡಿದು ಕಾಯುತ್ತಿದ್ದರೆ ಇವರು "ಒಂಚೂರು ಬಿಡಪ್ಪ" ಅಂತ ಒಳಗೆ ನುಗ್ಗಿ ಡೋಲು ಬಾರಿಸಿಬಿಡುತ್ತಿದ್ದರು. ಅಂಗಡಿಯವನಿಗೂ ಅಭ್ಯಾಸವಾಗಿ, "ಬನ್ನಿ ಮೇಡಂ, ಇನ್ನೊಂದ್ಸಲ ತಾಳಿ ಕಟ್ಸೋಕೆ ಬಂದ್ರಾ?" ಅನ್ನುತ್ತಿದ್ದ. ಮೇಡಂ ಮದುವೆಯಾಗಿರಲಿಲ್ಲ. "ನಂದೊಂದು ಆಗಿಲ್ಲ ಅಂತ ಊರೋರದನ್ನ ದಿನಾ ಮಾಡಿಸ್ತಿದ್ದೀನಿ ಕಣಪ್ಪ" ಅಂತ ಅವರೇ ನಗುತ್ತಿದ್ದರು.

ನಗುವಷ್ಟೇ ಜಗಳಗಂಟಿಯೂ ಹೌದು. ಯಾರಾದರೂ ಕೋಡ್ ಬದಲಾಯಿಸಬೇಕು ಅಂದರೆ ಮೊದಲು ಅದನ್ನು ಬಾಯಿಬಿಟ್ಟು ಓದಿ ಹೇಳಬೇಕು, ಫೋನಿನಲ್ಲಾದರೂ ಸರಿ. ಓದುವಾಗ ತಡವರಿಸಿದ ಕಡೆ ತಪ್ಪಿರುತ್ತದೆ ಅನ್ನುವುದು ಅವರ ನಂಬಿಕೆ. ದೊಡ್ಡ ದೊಡ್ಡ ಕಂಪನಿಯವರನ್ನೂ ಮಗ್ಗಿ ಒಪ್ಪಿಸುವಂತೆ ನಿಲ್ಲಿಸಿದ್ದರು. ಇಂಟರ್‌ಫೇಸಿನ ವಿಷಯ ಬಂದರಂತೂ ಒಂದೇ ಮಾತು: "ಮನೆ ಒಳಗೆ ಯಾವ ಗೋಡೆ ಬೇಕಾದ್ರೂ ಕೆಡವಿಕೋ. ಬಾಗಿಲು ಮಾತ್ರ ಇದ್ದಲ್ಲೇ ಇರಬೇಕು. ಕತ್ತಲಲ್ಲಿ ಬಂದ ನೆಂಟ ಕೈಯಾಡಿಸಿದ್ರೂ ಸಿಗಬೇಕು." ಯಾರೂ ಬಳಸದ ಹಳೆಯ ಕ್ಯಾಮೆರಾದ ಕೋಡೆಕ್ಕೊಂದನ್ನು ಕಿತ್ತುಹಾಕೋಣ ಅಂತ ಒಬ್ಬ ಹುಡುಗ ಯಾವುದೋ ದೇಶದಿಂದ ಹೊರಟಾಗ, "ಎಲ್ಲೋ ಒಬ್ಬಳ ಬೀರುವಿನಲ್ಲಿ ಅದರ ಒಂದೇ ಒಂದು ಫೈಲಿದ್ದರೆ? ಅವಳಿಗೆ ಯಾರು ಉತ್ತರ ಹೇಳುತ್ತಾರೆ?" ಅಂತ ಪುಟಗಟ್ಟಲೆ ಬರೆದು ಅವನನ್ನು ಸುಸ್ತು ಮಾಡಿದರು. ಒಳಗೆ ಬಂದ ಫೈಲು ಹೊರಗೆ ಹೋಗಕೂಡದು ಅಂತ ನಿಯಮ ಮಾಡಿದವರೂ ಅವರೇ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ನನ್ನ ಸ್ಟುಡಿಯೋಗೆ ಬಂದಳು. ಹದಿನಾರು ಅನ್ನುವ ಊರಿನವಳು, ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಗುರುತು ಹತ್ತಲಿಲ್ಲ. ಅವಳು ಫೋನು ಮುಂದೆ ಹಿಡಿದಳು. ಎಲ್ಲೋ ಹೊರದೇಶದ ಸಭೆ. ದೊಡ್ಡ ಪರದೆ, ಅದರ ಮುಂದೆ ಟೀ ಶರ್ಟ್ ಹಾಕಿದ ಒಬ್ಬ ನಿಂತು ಏನೋ ವಿವರಿಸುತ್ತಿದ್ದಾನೆ. ಪರದೆಯಲ್ಲಿ ತಾಳಿ ಎತ್ತಿದ್ದಾರೆ, ಡೋಲಿನ ಕೋಲು ಬಿತ್ತು, ಸದ್ದು ತಡವಾಗಿ ಬಂತು. ಹಳೆಯ ತಪ್ಪು ಹೇಗಿತ್ತು ಅಂತ ಅವನು ತೋರಿಸುತ್ತಿದ್ದ. ಸಭೆ ನಕ್ಕಿತು.

"ಇದು ನಾನು ಅಲ್ವಾ ಅಣ್ಣ?" ಅಂದಳು. "ನಮ್ ಚಿಕ್ಕಪ್ಪನ ಮಗ ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಾನೆ, ಅವ್ನು ಕಳ್ಸವ್ನೆ. ನಾನು ಆ ಮನೆ ಬುಟ್ಟು ಬಂದು ಯಾವ್ ಕಾಲ ಆಯ್ತು. ಆಲ್ಬಮ್ಮು ಸುಟ್ಟಾಕಿವ್ನಿ, ಸಿಡಿ ಮುರ್ದಾಕಿವ್ನಿ. ಇದ್ನ ಇನ್ನೂ ಮಡಿಕ್ಕೊಂಡಿರೋರು ಯಾರು? ಯಾಕ್ ನಗ್ತಾ ಅವ್ರೆ?"

ಡೋಲಿಗೆ ನಗುತ್ತಿದ್ದಾರೆ, ನಿನಗಲ್ಲ ಅಂದೆ. ಅವಳು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. "ತಗೀರಿ ಅಣ್ಣ" ಅಂದು ಹೊರಟುಹೋದಳು.

ಆವತ್ತೇ ಬಸ್ಸು ಹತ್ತಿ ನಂಜನಗೂಡಿಗೆ ಹೋದೆ. ಮೇಡಂ ಕೇಳಿಸಿಕೊಂಡು ಮೊದಲು ಹೇಳಿದ್ದು, "ತೆಗೆಯೋಕಾಗಲ್ಲ" ಅಂತಲೇ. ಹಿತ್ತಿಲ ಬಾಗಿಲವರೆಗೆ ಹೋಗಿ ಬಂದರು. "ಇವತ್ತು ಇದನ್ನ ತೆಗೆದ್ರೆ ನಾಳೆ ಇನ್ನೊಬ್ಬ ಇನ್ನೊಂದು ನೆಪ ತರ್ತಾನೆ." ಮತ್ತೆ ಹೋದರು, ಬಂದರು. ಆಮೇಲೆ, "ಅವಳು ಏನಂದ್ಲು? ನಿನ್ನ ಮಾತು ಬೇಡ, ಅವಳ ಮಾತಲ್ಲೇ ಹೇಳು" ಅಂದರು. ಹೇಳಿದೆ. ಯಾಕ್ ನಗ್ತಾ ಅವ್ರೆ ಅನ್ನುವಲ್ಲಿಗೆ ಬಂದಾಗ ಒಲೆ ಆರಿಸಿ, ಚಪ್ಪಲಿ ಹಾಕಿಕೊಂಡು, "ನಡಿ ಹದಿನಾರಿಗೆ" ಅಂದರು. ನಾನು ಸ್ಕೂಟರಿನ ಹಿಂದೆ ಕೂತೆ.

ಹುಡುಗಿ ಕೆಲಸದಿಂದ ಆಗಷ್ಟೇ ಬಂದು ಮುಖ ತೊಳೆಯುತ್ತಿದ್ದಳು. ಅವಳ ತಾಯಿ ಜಗಲಿಗೆ ಚಾಪೆ ಹಾಸಿದರು. ಮೇಡಂ ಕೂತೇಬಿಟ್ಟರು, ನನಗೇ ಗಾಬರಿಯಾಯಿತು.

"ಅದನ್ನ ಅಲ್ಲಿ ಇಟ್ಟೋಳು ನಾನು" ಅಂದರು ಮೇಡಂ. "ಡೋಲಿನ ಸದ್ದಿಗೋಸ್ಕರ ಇಟ್ಟೆ. ನಿನ್ನ ಕೇಳಬೇಕಿತ್ತು, ಕೇಳಲಿಲ್ಲ."

"ನನ್ನ ಯಾರೂ ಏನೂ ಕೇಳ್ನಿಲ್ಲ ಕಣಮ್ಮ" ಅಂದಳು ಹುಡುಗಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಆ ಮದ್ವೆ ಮಾಡೋವಾಗ್ಲೂ ಕೇಳ್ನಿಲ್ಲ. ಈಗ ತಗೀತೀರಾ ಇಲ್ವಾ?"

"ನನ್ನ ಕೈಗೆ ಸಿಗೋ ಕಡೆಯೆಲ್ಲ ತೆಗೀತೀನಿ. ಆದ್ರೆ ಅದನ್ನ ಇಳಿಸ್ಕೊಂಡಿರೋರು ಅವರವರ ಕಂಪ್ಯೂಟರಲ್ಲಿ ಇಟ್ಕೊಂಡಿರ್ತಾರೆ. ಅವರ ಪರವಾಗಿ ನಾನು ಮಾತು ಕೊಡೋಕಾಗಲ್ಲಮ್ಮ."

"ಅಂಗಾರೆ ಒಬ್ಬೊಬ್ರನ್ನೂ ಕೇಳಿ."

"ಕೇಳ್ತೀನಿ" ಅಂದರು ಮೇಡಂ. ಎಲ್ಲವೂ ಸರಿಹೋಗುತ್ತದೆ ಅಂತ ಒಂದು ಸುಳ್ಳು ಹೇಳಿದ್ದರೆ ಆ ತಾಯಿಗೆ ಸಮಾಧಾನವಾಗುತ್ತಿತ್ತು. ಮೇಡಂ ಬಾಯಲ್ಲಿ ಅದು ಬರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವರ ಬಳಗದ ಆನ್‌ಲೈನ್ ಸಭೆ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಇನ್ನು ಮುಂದೆ ಆ ಫೈಲು ಬೇಡ ಅನ್ನುವುದಕ್ಕೆ ಎಲ್ಲರೂ ಒಪ್ಪಿದರು. ಮೇಡಂಗೆ ಅದು ಸಾಲದು. ಇವರ ಪದ್ಧತಿಯಲ್ಲಿ ಹಿಂದಿನ ಪ್ರತಿಯೊಂದು ಬದಲಾವಣೆಯೂ ಹಾಗೇ ಉಳಿದಿರುತ್ತದೆ. ಹಿಂದಕ್ಕೆ ಹೋಗಿ ನೋಡಿದರೆ ಹುಡುಗಿ ಅಲ್ಲೇ ಕೂತಿರುತ್ತಾಳೆ. ಅದನ್ನು ಬೇರಿನಿಂದ ಕೀಳಬೇಕು ಅಂದರು ಮೇಡಂ. ಹಾಗೆ ಕಿತ್ತರೆ ಅಲ್ಲಿಂದ ಈಚೆಗಿನದೆಲ್ಲ ಹೊಸದಾಗಿ ಬರೆದಂತಾಗಿ, ಜಗತ್ತಿನಲ್ಲಿ ಈ ಕೆಲಸ ಮಾಡುವ ಪ್ರತಿಯೊಬ್ಬನ ಪ್ರತಿಯೂ ತಾಳ ತಪ್ಪುತ್ತದೆ. ಎಲ್ಲರೂ ಮೊದಲಿಂದ ಇಳಿಸಿಕೊಳ್ಳಬೇಕು. "ಹಿಂದಿನದನ್ನು ಮುಟ್ಟಬಾರದು ಅಂತ ನಮಗೆ ಹೇಳಿಕೊಟ್ಟವರು ನೀವೇ" ಅಂತ ಒಬ್ಬ ಮೆಲ್ಲಗೆ ನೆನಪಿಸಿದ. ಮುಂದಿನ ಸಭೆಯವರೆಗೆ ಯೋಚಿಸೋಣ ಅಂತ ತೀರ್ಮಾನವಾಯಿತು. ಮೇಡಂ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಅಡುಗೆಮನೆಗೆ ನಡೆಯುತ್ತಲೇ ಇದ್ದರು.

ಮಾರನೆಯ ಬೆಳಗ್ಗೆ ಕಾಲೇಜಿಗೆ ಹೋಗುವ ಮುಂಚೆ, ಯಾರನ್ನೂ ಕೇಳದೆ, ತಮ್ಮ ಕೈಯಲ್ಲಿದ್ದ ಅಧಿಕಾರ ಬಳಸಿ ಅದನ್ನು ಬೇರುಸಹಿತ ಕಿತ್ತುಹಾಕಿದರು. ಅವತ್ತು ದೇಶದೇಶದಲ್ಲಿ ಅವರಿಗೆ ಶಾಪ ಬಿತ್ತು. ವಾರದೊಳಗೆ ಬಳಗದವರು ಬಹಳ ಮರ್ಯಾದೆಯಿಂದ ಕಾಗದ ಬರೆದು ಅವರ ಅಧಿಕಾರವನ್ನೆಲ್ಲ ವಾಪಸ್ ತೆಗೆದುಕೊಂಡರು. ಅವರ ಅರ್ಧ ಆಯುಷ್ಯ ಕಳೆದದ್ದು ಆ ಸಾಫ್ಟ್‌ವೇರಿಗೆ. ನನಗೆ ಮೈಯೆಲ್ಲ ಉರಿದು, "ನೀವು ಕಟ್ಟಿದ ಮನೆಯಿಂದ ನಿಮ್ಮನ್ನೇ ಆಚೆ ಹಾಕೋದಾ?" ಅಂತ ಕೂಗಾಡಿದೆ.

"ಸರಿಯಾಗೇ ಮಾಡಿದ್ದಾರೆ ಕಣೋ" ಅಂದರು. "ಮಾತು ಮುರಿದೋರ ಕೈಲಿ ಮನೆ ಬೀಗದಕೈ ಇರಬಾರದು. ನಾನಾಗಿದ್ರೂ ಕಿತ್ಕೊಳ್ತಿದ್ದೆ." ಧ್ವನಿ ಏನೋ ಗಟ್ಟಿಯಾಗೇ ಇತ್ತು. ಆದರೆ ಅವತ್ತು ಹಾಲು ಉಕ್ಕಿ ಒಲೆಯೆಲ್ಲ ಆದದ್ದು ಅವರಿಗೆ ತಿಳಿಯಲಿಲ್ಲ. ನಾನೇ ಒರೆಸಿದೆ.

ಗಟ್ಟಿಮೇಳ ಹೋದ ಜಾಗದಲ್ಲಿ ಇನ್ನೊಂದು ಫೈಲು ಬೇಕಿತ್ತು, ಇಲ್ಲದಿದ್ದರೆ ಆ ತಪ್ಪು ಯಾವತ್ತಾದರೂ ಮರಳಿ ಬರುತ್ತದೆ. ಅಧಿಕಾರ ಹೋದರೂ ಆ ಚಿಂತೆ ಹೋಗಲಿಲ್ಲ. ನನ್ನ ಸ್ಟುಡಿಯೋಗೆ ಬಂದು ಕ್ಯಾಮೆರಾ ಮುಂದೆ ನಿಂತು ತಾವೇ ಚಪ್ಪಾಳೆ ತಟ್ಟಿದರು. "ಮುಖ ನಂದು, ಕೈ ನಂದು, ಕೇಳಿದೋಳೂ ನಾನೇ, ಒಪ್ಪಿದೋಳೂ ನಾನೇ" ಅಂತ ಕ್ಯಾಮೆರಾಗೇ ಹೇಳಿದರು. ನಿಂತಲ್ಲಿ ನಿಲ್ಲಲಾರದೆ ಪ್ರತಿ ಸಲವೂ ಫ್ರೇಮಿನಿಂದ ಆಚೆ ನಡೆದುಬಿಡುತ್ತಿದ್ದರು. ನಾನು ಬೈದು ಬೈದು ಒಳಗೆ ಕರೆಯಬೇಕಾಯಿತು. ಅದನ್ನು ನನ್ನ ಹೆಸರಿನಲ್ಲಿ ಕಳಿಸಿದೆವು. ಬಳಗದವರು ಮರುಮಾತಿಲ್ಲದೆ ಒಳಗೆ ತೆಗೆದುಕೊಂಡರು.

ಅಲ್ಲಿಂದ ಮುಂದೆ ಮೇಡಂ ಮಾಡಿದ್ದು ಒಂದೇ ಕೆಲಸ. ಎಲ್ಲ ಫೈಲೂ ಎಲ್ಲ ಕಡೆ ಓಡಲಿ ಅಂತ ಬದುಕಿದವರು, ಒಂದು ಫೈಲು ಎಲ್ಲೂ ಓಡದಿರಲಿ ಅಂತ ಅದರ ಬೆನ್ನು ಹತ್ತಿದರು. ಹಳೆಯ ಪ್ರತಿ ಇಟ್ಟುಕೊಂಡ ಕಾಲೇಜುಗಳು, ಹವ್ಯಾಸಿಗಳು, ಆ ಸಭೆಯ ಟೀ ಶರ್ಟಿನವನು, ಒಬ್ಬೊಬ್ಬರಿಗೂ ಬರೆದರು. ಕೆಲವರು ಆವತ್ತೇ ಅಳಿಸಿದರು; ಟೀ ಶರ್ಟಿನವನು ವಿಡಿಯೋ ತೆಗೆದು ಕ್ಷಮೆ ಕೇಳಿದ. ಕೆಲವರು ಉತ್ತರಿಸಲೇ ಇಲ್ಲ. ಇನ್ನು ಕೆಲವರು, "ಆ ಹುಡುಗಿಗೆ ಬೇಡ ಅನ್ನುವುದನ್ನು ನಾವು ನಿಮ್ಮ ಮಾತಿನ ಮೇಲೆ ಹೇಗೆ ನಂಬುವುದು?" ಅಂದರು. ಮೇಡಂ ಹೇಳದೆ ಕೇಳದೆ ನರಸೀಪುರಕ್ಕೆ ಬಂದು, ಬಾಗಿಲಲ್ಲೇ ನಿಂತು, "ಇನ್ನೊಬ್ಬ ತೆಗೆದ ಕಣೋ" ಅಂದು ಹಾಗೇ ವಾಪಸ್ ಹೋಗುತ್ತಿದ್ದರು. ಒಮ್ಮೊಮ್ಮೆ ನನಗೆ ಕೋಪ ಬರುತ್ತಿತ್ತು. ಬಿಟ್ಟುಬಿಡಿ ಮೇಡಂ, ಸಮುದ್ರಕ್ಕೆ ಬಿದ್ದ ಉಪ್ಪನ್ನು ಹೆಕ್ಕುತ್ತೀರಾ ಅಂದಿದ್ದೂ ಉಂಟು. "ಕೇಳ್ತೀನಿ ಅಂದಿದ್ದೀನಿ" ಅನ್ನುತ್ತಿದ್ದರು, ಅಷ್ಟೇ.

ಹೋದದ್ದೂ ಓಡಾಡುತ್ತಲೇ. ಬೆಳಗ್ಗೆ ತರಕಾರಿಗೆ ಹೊರಟವರು ದಾರಿಯಲ್ಲಿ ಕುಸಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಾನು ನಂಜನಗೂಡು ಸೇರುವ ಹೊತ್ತಿಗೆ ಕಪಿಲೆಯ ದಡದಲ್ಲಿ ಎಲ್ಲ ಆಗಿಹೋಗಿತ್ತು. ಅವರ ಮನೆಯಲ್ಲಿ ಒಂದು ಅರ್ಧ ಲೋಟವನ್ನೂ ಉಳಿಸದೆ ಯಾರೋ ತೊಳೆದು ಬೋರಲು ಹಾಕಿದ್ದರು. ಅದನ್ನು ನೋಡಲಾಗದೆ ಆಚೆ ಬಂದೆ.

ಫೈಲು ಇನ್ನೂ ತೆಗೆಯದೆ ಉಳಿದವರಿಗೆ ಈಗ ನಾನು ಬರೆಯಬೇಕಿತ್ತು. ಕೂತರೆ ಕೈ ಓಡದು, ಎದ್ದರೆ ಮನಸ್ಸು ನಿಲ್ಲದು. ಅವರಷ್ಟು ಹೆಸರಿದ್ದವರ ಮಾತನ್ನೇ ಕೇಳದವರು ಮದುವೆ ವಿಡಿಯೋದವನ ಮಾತು ಕೇಳುತ್ತಾರಾ? ಹೀಗೇ ದಿನ ದೂಡುತ್ತಿದ್ದೆ. ಒಂದು ಸಂಜೆ ಆ ಹುಡುಗಿ ಫ್ಯಾಕ್ಟರಿಯ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಬಂದಳು.

"ಆಯಮ್ಮ ಓಗ್ಬುಟ್ರಂತೆ" ಅಂದಳು. ಹೂಂ ಅಂದೆ.

"ಇನ್ನೂ ಮಡಿಕ್ಕೊಂಡಿರೋರು ಅವ್ರಾ ಅಣ್ಣ?"

"ಅವ್ರೆ ಕಣವ್ವ."

"ಅವ್ರುಗೆ ಆಯಮ್ಮ ಏನಂತ ಬರೀತಿದ್ರು?"

ಅವರು ನನಗೂ ಕಳಿಸುತ್ತಿದ್ದ ಒಂದು ಪ್ರತಿಯನ್ನು ತೆಗೆದು ಕನ್ನಡದಲ್ಲಿ ಹೇಳಿದೆ: ಈ ವಿಡಿಯೋದಲ್ಲಿರುವ ಹುಡುಗಿಯ ಪರವಾಗಿ ಕೇಳಿಕೊಳ್ಳುತ್ತಿದ್ದೇನೆ.

"ಪರವಾಗಿ ಯಾಕೆ? ನಾನು ಬದ್ಕಿಲ್ವಾ?" ಅಂದಳು. "ಕನ್ನಡದಲ್ಲಿ ಬರುದ್ರೆ ಓದ್ತಾರಾ?"

"ಓದುಸ್ಕೊತಾರೆ. ಈಗ ಅದ್ಕೆಲ್ಲ ಮಿಷನ್ ಬಂದದೆ."

ಬ್ಯಾಗು ಕೆಳಗಿಟ್ಟು ನನ್ನ ಕುರ್ಚಿಯಲ್ಲಿ ಕೂತಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ನಾನು ಹಿಂದೆ ನಿಂತು ಓದುತ್ತಿದ್ದೆ. "ಇದರಲ್ಲಿ ಇರೋದು ನಾನು. ನನ್ನ ಕೇಳದೆ ಇಟ್ಟುಕೊಂಡಿದ್ದೀರಿ. ಈಗ ನಾನೇ ಕೇಳ್ತಾ ಇದೀನಿ, ತೆಗೀರಿ." ಅಷ್ಟು ಬರೆದು ನನ್ನ ಕಡೆ ತಿರುಗಿ, "ಎಸ್ರು ಆಕ್ಲಾ?" ಅಂದಳು. ಬೇಡ ಕಣವ್ವ, ಹೆಸರೂ ಅವರ ಕೈಗೆ ಸಿಕ್ಕಂತಾಗುತ್ತದೆ ಅಂದೆ.

"ಮೊಕನೇ ಅವ್ರತ್ರ ಅದೆ" ಅಂದಳು. ತನ್ನ ಹೆಸರು, ತಂದೆ ಹೆಸರು, ಹದಿನಾರು ಗ್ರಾಮ, ನಂಜನಗೂಡು ತಾಲೂಕು ಅಂತ ಪೂರ್ತಿ ಹಾಕಿ ಕಳಿಸಿಬಿಟ್ಟಳು.

ಮೇಡಂ ಬರೆದ ಅಷ್ಟೂ ಕಾಗದಗಳಲ್ಲಿ ಇಲ್ಲದ ಮಾತು ಅದು. ಇದನ್ನು ನೋಡಲು ಅವರಿರಬೇಕಿತ್ತು ಅನ್ನಿಸಿ ನನಗೆ ಅಳು ಬಂತು. ಅವಳು ಅದನ್ನು ನೋಡಲಿಲ್ಲ. ಕಣ್ಣು ಪರದೆಯ ಮೇಲೇ ಇತ್ತು.

"ಇನ್ಯಾರ್ಗೆ ಬರೀಬೇಕಣ್ಣ?" ಅಂದಳು.